ಬಾಣಂತಿಯ ಬಿಸಿನೀರು

ಆಗೆಲ್ಲ ನಮ್ಮ ಕಡೆ ನೀರನ್ನು ಯಾರೂ ಅಳೆದು ಬಳಸುತ್ತಿರಲಿಲ್ಲ. ಬಾಣಂತಿಗೆ ಎರೆಯುವಾಗಲಂತೂ ಅಮ್ಮನದು ಒಂದೇ ಶಾಸ್ತ್ರ: "ಸಾಕು" ಅನ್ನಬೇಕಾದವಳು ಬಾಣಂತಿ, ಎರೆಯುವವಳಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ಆ ಬೇಸಿಗೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು. ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್. ಕಾಫಿ ಮೊಗ್ಗು ಒಣಗಬಾರದೆಂದು ಎಸ್ಟೇಟಿನವರು ಹಳ್ಳಕ್ಕೆ ಪಂಪ್ ಇಟ್ಟು ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟಿದ್ದರು. ತೋಟವೆಲ್ಲ ಹೂವಿನ ಘಮ. ಕೆಳಗೆ ಸಾಲುಮನೆಗಳ ಕೂಲಿ ಲೈನಿನವರು ಕುಡಿಯುವ ಹೊಂಡ ಮಾತ್ರ ಬತ್ತಿಹೋಯಿತು. ಆ ವರ್ಷವೇ ಬಯಲುಸೀಮೆಯಿಂದ ಬಂದ ಸಂಸಾರಗಳಿಗೆಂದು ಹೊಸ ಲೈನ್ ಬೇರೆ ಎದ್ದಿತ್ತು. ಎಲ್ಲರೂ ನಮ್ಮ ಮನೆ ಬಾವಿಗೇ ಬರತೊಡಗಿದರು. ಬಾವಿಯಲ್ಲೂ ಕೊಡ ಅರ್ಧ ತುಂಬಿದರೆ ಪುಣ್ಯ.

ಹೊಸ ಲೈನಿನ ರತ್ನಿ ಹೆತ್ತಿದ್ದಳು. ಹೆತ್ತ ಮೇಲೆ ಅವಳ ಮೈಗೆ ಸರಿಯಾಗಿ ನೀರೇ ಬಿದ್ದಿಲ್ಲವೆಂದು ಕೇಳಿ, ಅಮ್ಮ ಹಂಡೆಗೆ ಉರಿ ಹಾಕಿ ಅವಳನ್ನು ನಮ್ಮ ಬಚ್ಚಲಿಗೆ ಕರೆಸಿದಳು. ಹಳೇ ಲೈನಿನ ಹೆಂಗಸರು ಬಾವಿಕಟ್ಟೆ ಬಿಟ್ಟು ಬಂದು ಬಚ್ಚಲ ಮುಂದೆ ನಿಂತರು.

"ರೈಟ್ರಮ್ಮ, ನಮ್ ಮಕ್ಳಿಗೆ ಕುಡಿಯೋಕೇ ಗತಿ ಇಲ್ಲ. ನಿನ್ನೆ ಬಂದೋರಿಗೆ ಹಂಡೆ ಸ್ನಾನನಾ?" ಚಂದ್ರಿಯಕ್ಕ ಕೇಳಿದಳು.

"ಬಾಣಂತಿ ಕಣೇ ಅವ್ಳು! ನಿಂಗೆ ಎರೆದಿದ್ದೂ ನಾನೇ, ಮರ್ತ್ಯಾ?"

"ಆಗ ನೀರಿತ್ತಲ್ಲ."

ಅಮ್ಮ ಚೊಂಬು ಹಿಡಿದು ಬಚ್ಚಲೊಳಗೆ ಹೋದಳು. ಇವರು ಹಂಡೆಗೇ ಕೈ ಹಾಕಿದರೆ ಏನು ಗತಿ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಸೀಗೆಪುಡಿಯ ವಾಸನೆ, ಹೊಗೆ. ಅಮ್ಮ ಎರೆಯಲು ಶುರು ಮಾಡಿದಳು. ಎರಡು ಚೊಂಬು ಬಿದ್ದಿತ್ತೋ ಇಲ್ಲವೋ, ರತ್ನಿ ತಲೆ ತಗ್ಗಿಸಿ, "ಸಾಕು ಅಮ್ಮಾರೇ" ಅಂದಳು. ಬೆನ್ನಿನ ಎಣ್ಣೆ ಹಾಗೇ ಇತ್ತು.

"ಸುಮ್ನಿರೇ! ಎಂಥ ಸಾಕು?" ಅಮ್ಮ ಗದರಿದಳು.

"ಬ್ಯಾಡಿ ಅಮ್ಮಾರೇ. ಅವ್ರು ಕಾಯ್ತಾವ್ರೆ."

ಹೊರಗೆ ಗಲಾಟೆ ನಿಂತಿತು. ಚಂದ್ರಿಯಕ್ಕ, "ಕೂಸಿಗೂ ಎರೀರಿ. ಉಳಿದಿದ್ದು ನಮಗೆ ಕೊಡಿ" ಅಂದಳು. ಅವತ್ತು ಲೈನಿನ ಮಕ್ಕಳೆಲ್ಲ ಹೊಗೆ ವಾಸನೆಯ ಬಿಸಿನೀರನ್ನೇ ಆರಿಸಿ ಕುಡಿದರು. ಪಂಪ್ ಸಂಜೆವರೆಗೂ ಓಡುತ್ತಲೇ ಇತ್ತು. ಆ ಸದ್ದಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈಗ ಹಳ್ಳದ ಮೇಲೆ ಹೋಂಸ್ಟೇಗಳು, ಕೆಳಗೆ ಸೈಟುಗಳು, ಎಲ್ಲಿ ನೋಡಿದರೂ ಬೋರ್‌ವೆಲ್. ಬಂದವರನ್ನು ಬೈದು ಏನು ಮಾಡುವುದು, ಬಾಯಾರಿಕೆ ಎಲ್ಲರಿಗೂ ಒಂದೇ. ಮೊನ್ನೆ ತಂಗಿ ಬಾಣಂತನಕ್ಕೆ ಬಂದಿದ್ದಳು. ಎರೆಯುವ ಕೆಲಸ ನನ್ನದು. ತಳ ಕಂಡಿದ್ದ ಟ್ಯಾಂಕಿನ ನೀರು ನೆನಪಾಗಿ ಕೈ ತಾನಾಗಿ ನಿಂತಿತು. ಅವಳು ಕಣ್ಣು ಮುಚ್ಚಿ ಮುಂದಿನ ಚೊಂಬಿಗೆ ಕಾಯುತ್ತ ಕೂತಿದ್ದಳು.

"ಸಾಕು ಏಳೇ" ಅಂದವಳು ನಾನು.