ಕತ್ತು ತಿರುಚಿದ ಪಾರಿವಾಳಕ್ಕೆ "ಸೂಪರ್ ಅಣ್ಣ"

ಕೇಳ್ರಪ್ಪಾ, ನನ್ನ ಬಿಳಿ ಪಾರಿವಾಳಕ್ಕೆ ರೋಗ ಬಂದು ಕತ್ತು ತಿರುಚಿಕೊಂಡಿದೆ. ಎದುರಿಗಿರುವ ಕಾಳನ್ನೂ ಕುಕ್ಕಲಾಗದು. ಬೆಳಿಗ್ಗೆ ಚಳ್ಳಕೆರೆಯ ಪಾರಿವಾಳ ಸಾಕುವವರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿ, ಏನು ಮಾಡಲಿ ಎಂದು ಕೇಳಿದೆ.

"ಸೂಪರ್ ಅಣ್ಣ!" ಎಂದನೊಬ್ಬ. "ಏನ್ ಪೋಸ್ ಕೊಟ್ಟೈತೆ ಗುರು!" ಎಂದ ಇನ್ನೊಬ್ಬ. ಮೊದಲೆಲ್ಲ ಇದೇ ಗುಂಪಿನಲ್ಲಿ ಒಂದು ರೆಕ್ಕೆ ಮುರಿದರೆ ಸಂಜೆಯವರೆಗೂ ಮದ್ದಿನ ಮಾತೇ ನಡೆಯುತ್ತಿತ್ತು.

"ಲೇ, ಕಣ್ಣು ಎಲ್ಲಿಟ್ಟೀರಿ? ಹಕ್ಕಿ ಸಾಯ್ತೈತೆ!" ಎಂದು ಬರೆದೆ.

"ಇಲ್ಲಿ ಜಗಳ ಬ್ಯಾಡ ಯಜಮಾನ್ರೇ," ಎಂದು ಅಡ್ಮಿನ್ ನನ್ನನ್ನೇ ತೆಗೆದುಹಾಕಿದ.

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಗೆಳೆಯ, ಅದೇ ಗುಂಪಿನವನು, ಫೋನ್ ಮಾಡಿದ. "ಬ್ಯಾರೆ ಗೂಡಿಗೆ ಹಾಕಣ್ಣ, ನೆನೆಸಿದ ಕಡ್ಲೆ ಬಾಯಿಗಿಡು. ಅಂದಂಗೆ, ನಿನ್ನ ಹಕ್ಕಿ ಫೋಟೊನೇ ಈಗ ಗುಂಪಿನ ಡಿಪಿ!"

ಹಕ್ಕಿ ನಾಲ್ಕು ಕಾಳು ನುಂಗಿತು. ಅದರ ಕತ್ತು ನೆಟ್ಟಗಾದೀತು. ಆ ಫೋಟೊ ಮಾತ್ರ ಹಾಗೇ ಇರಲಿ, ಗುಂಪಿಗೆ ಒಪ್ಪುತ್ತದೆ.