ಬೆಚ್ಚಗಿದ್ದರೂ ಸಾಧುವಾದ ಹಾವು

ಹಾವು ಸಾಧುವೋ ಅಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಅದರ ಮೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಬೇಕು. ತಣ್ಣಗಿರುವ ಹಾವು ಯಾವುದಾದರೂ ಸಾಧುವೇ. ಇಷ್ಟು ಸಣ್ಣ ವಿಷಯವನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೇಳಿಸಿಕೊಂಡವರು ಮಾತ್ರ ಯಾರೂ ಇಲ್ಲ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಕಾರ್ಖಾನೆಗೂ ನೀರಿನ ಬಾಟಲಿಗಳ ಗೋದಾಮಿಗೂ ನಡುವೆ ಇರುವ ಒಂದು ಶೆಡ್ಡಿನಲ್ಲಿ ನನ್ನ ಕೆಲಸ. ಮೊಲ, ಆಮೆ, ಗಿಳಿ, ಓತಿಕ್ಯಾತ ಇವನ್ನೆಲ್ಲ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನೋಡುತ್ತಾರೆ, ಮುಟ್ಟುತ್ತಾರೆ, ಕೈ ತೊಳೆದು ಹೋಗುತ್ತಾರೆ. ನಾನು ಉಡುಪಿ ಕಡೆಯವಳು, ಪ್ರಾಣಿಶಾಸ್ತ್ರ ಓದಿದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಹುಟ್ಟಿದ್ದು ಆಶ್ಲೇಷಾ ನಕ್ಷತ್ರದಲ್ಲಿ. ಅದು ನಾಗನ ನಕ್ಷತ್ರ, ಆ ನಕ್ಷತ್ರದ ಸೊಸೆ ಬಂದರೆ ಅತ್ತೆಗೆ ಆಗಿಬರುವುದಿಲ್ಲ ಎಂದು ಎಷ್ಟೋ ಸಂಬಂಧಗಳು ಜಾತಕ ನೋಡಿಯೇ ವಾಪಸು ಹೋದವು. ಕೊನೆಗೂ ಸಿಕ್ಕ ನನ್ನ ಅತ್ತೆ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಹೋದ ವರ್ಷ ಇಲ್ಲಿಗೆ ಬಂದಾಗ ನಾನು ಮಾಡಿದ ಸಾರಿನಲ್ಲಿ ಹುಳಿ ಹೆಚ್ಚಾಗಿತ್ತು ಎಂದು ಇನ್ನೂ ಫೋನಿನಲ್ಲಿ ದೂರುತ್ತಾರೆ.

ನಮ್ಮ ಮಾಲೀಕರೂ ಕರಾವಳಿಯವರೇ. ದೇರಾದಲ್ಲಿ ಮಸಾಲೆಯ ಸಗಟು ವ್ಯಾಪಾರ ಅವರ ಮುಖ್ಯ ದಂಧೆ, ಪ್ರಾಣಿಗಳ ಶೆಡ್ಡು ಆಮೇಲೆ ಅಂಟಿಸಿಕೊಂಡದ್ದು. ಕೆಲಸದ ಹೊತ್ತಿನಲ್ಲಿ ನಾನು ಅವರನ್ನು ಸರ್ ಎನ್ನಬೇಕು, ಊರಿನವರ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿದರೆ ಅಣ್ಣ ಎನ್ನಬೇಕು. ಅವರು ಎರಡು ಕಡೆಯೂ ನನ್ನನ್ನು ಅಕ್ಕ ಎನ್ನುತ್ತಾರೆ, ವಯಸ್ಸಿನಲ್ಲಿ ನನಗಿಂತ ದೊಡ್ಡವರಾಗಿದ್ದರೂ.

ದೊಡ್ಡ ಹಾವು ಬೇಕು ಎಂದು ಮೊದಲು ಹೇಳಿದವಳು ನಾನು. ಗುರುವಾರ ಗುರುವಾರ ನಮ್ಮಲ್ಲಿ ವಿಶೇಷ ಮಕ್ಕಳಿಗೆ ಒಂದು ತರಗತಿ ಇದೆ. ಅಬುಧಾಬಿಯಿಂದ ಒಬ್ಬ ತಾಯಿ ತನ್ನ ಮಗಳನ್ನು ಅಷ್ಟು ದೂರದಿಂದ ಕಾರಿನಲ್ಲಿ ಕರೆತರುತ್ತಾರೆ. ಆ ಹುಡುಗಿ ಯಾರ ಕೈಯನ್ನೂ ಮುಟ್ಟುವುದಿಲ್ಲ, ಯಾರೂ ತನ್ನ ಕೈ ಮುಟ್ಟಲು ಬಿಡುವುದಿಲ್ಲ. ಮೊಲ ಕುಪ್ಪಳಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ತೊಡೆಯ ಮೇಲೆ ಭಾರವಾದದ್ದು ಏನಾದರೂ ಇದ್ದರೆ ಶಾಂತವಾಗುತ್ತಾಳೆ, ಮನೆಯಲ್ಲಿ ಅದಕ್ಕೇ ಭಾರದ ಕಂಬಳಿ ಇಟ್ಟಿದ್ದೇವೆ ಎಂದು ತಾಯಿ ಹೇಳಿದ ದಿನ ನನಗೆ ಹೊಳೆಯಿತು. ಭಾರ ಇದೆ, ಕುಪ್ಪಳಿಸುವುದಿಲ್ಲ, ಸದ್ದಿಲ್ಲ, ಉದುರುವ ಕೂದಲಿಲ್ಲ. ಹಾವಿಗಿಂತ ಒಳ್ಳೆಯದು ಇನ್ನೇನು?

ಮಾಲೀಕರು ತಕ್ಷಣ ಒಪ್ಪಿದರು. ಅವರು ಒಪ್ಪಿದ್ದು ಹುಡುಗಿಗಾಗಿ ಅಲ್ಲ, ಫೋಟೋಗಾಗಿ. ಇಲ್ಲಿ ಮನೆಯಲ್ಲಿ ಇಂಥವನ್ನು ಸಾಕುವಂತಿಲ್ಲ, ಕಾನೂನು ಬಿಗಿ. ನಮ್ಮದು ಪರವಾನಗಿ ಇರುವ ಜಾಗ. ದೊಡ್ಡ ಹಾವನ್ನು ಹೆಗಲ ಮೇಲೆ ಹಾಕಿಕೊಂಡು ಚಿತ್ರ ತೆಗೆಸಿಕೊಳ್ಳಲು ಊರಿಗೆ ಊರೇ ಬರುತ್ತದೆ ಎಂಬುದು ಅವರ ಲೆಕ್ಕ.

ಇಬ್ಬರೂ ಪ್ರಾಣಿ ಮಾರುವ ಒಬ್ಬ ವ್ಯಾಪಾರಿಯ ಹತ್ತಿರ ಹೋದೆವು. ಅವನು ಮೊದಲು ತೋರಿಸಿದ್ದು ಹಳದಿ ಬಣ್ಣದ ಹೆಬ್ಬಾವು. ಮಾವಿನ ಹಣ್ಣಿನ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಎತ್ತಿ ನನ್ನ ತೋಳಿನ ಮೇಲೆ ಹಾಕಿ, ಮಗುವಿನ ಹಾಗೆ ಇರುತ್ತೆ, ಫುಲ್ ಕಾಮ್ ಎಂದ. ಹೌದು, ಅಲ್ಲಾಡಲೇ ಇಲ್ಲ. ನಾಲಗೆಯನ್ನೂ ಹೊರಗೆ ಹಾಕಲಿಲ್ಲ. ಮಾಲೀಕರು ಆಗಲೇ ದುಡ್ಡಿನ ಮಾತಿಗೆ ಇಳಿದಿದ್ದರು. ನನಗೆ ಮಾತ್ರ ತೋಳಿನ ಮೇಲೆ ಫ್ರಿಜ್ಜಿನಿಂದ ತೆಗೆದ ಸೋರೆಕಾಯಿ ಇಟ್ಟ ಹಾಗೆ ಅನ್ನಿಸಿತು. ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಹಿಂದಿನ ಕೋಣೆಯ ಬಾಗಿಲು ತೆರೆದು ನೋಡಿದರೆ ಎಸಿ ಮೈ ನಡುಗುವಷ್ಟು ಜೋರಾಗಿ ಓಡುತ್ತಿತ್ತು.

ಬಿಸಿ ದೀಪದ ಕೆಳಗೆ ಇಡಿ, ಕಾಯುತ್ತೇನೆ ಎಂದು ಹೇಳಿ ಕುರ್ಚಿ ಎಳೆದು ಕುಳಿತೆ. ಮಾಲೀಕರು ಗಡಿಯಾರ ನೋಡಿದರು, ಕೆಮ್ಮಿದರು, ಹೊರಗೆ ಹೋಗಿ ಸುಲೈಮಾನಿ ಚಹಾ ಕುಡಿದು ಬಂದರು. ಅವರು ಒಳಗೆ ಬಂದು ಕೂರುವ ಹೊತ್ತಿಗೆ ಹಳದಿ ಹಾವು ತಲೆ ಎತ್ತಿ ಗಾಜಿಗೆ ಫಟ್ಟೆಂದು ಹೊಡೆಯಿತು, ಮತ್ತೆ ಹೊಡೆಯಿತು. ವ್ಯಾಪಾರಿ ನಕ್ಕುಬಿಟ್ಟ. ನನಗೆ ಪಿತ್ತ ನೆತ್ತಿಗೇರಿತು. ಚಳಿಗೆ ಮರಗಟ್ಟಿದ ಜೀವವನ್ನು ಶಾಂತ ಎಂದು ಮಾರುವುದು, ಅದನ್ನು ಒಂದು ಮಗುವಿನ ತೊಡೆಯ ಮೇಲೆ ಇಡುವುದು! ಆ ಮನುಷ್ಯನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಆಗಲೂ ನಗುತ್ತಲೇ ಇದ್ದ.

ನಾನು ಆರಿಸಿದ್ದು ಮೂಲೆಯ ಪೆಟ್ಟಿಗೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಬೋವಾ. ನಮ್ಮ ಹೆಬ್ಬಾವಿಗೆ ದೂರದ ನೆಂಟ, ಮೂಲ ದಕ್ಷಿಣ ಅಮೆರಿಕ. ಹೆಣ್ಣು, ಪ್ರಾಯ ಕಳೆದವಳು, ನನಗಿಂತ ಉದ್ದ, ಬಣ್ಣ ಒದ್ದೆ ಗೋಣಿಯದ್ದು, ಮೂಗಿನ ಮೇಲೆ ಹಳೆಯ ಗಾಯದ ಕಲೆ. ಅವಳ ಮೈ ಬೆಚ್ಚಗಿತ್ತು. ಕೈ ಮುಂದೆ ಮಾಡಿದೆ, ಹಿಂದಕ್ಕೆ ಸರಿಯಲಿಲ್ಲ, ಕತ್ತನ್ನು ಡೊಂಕು ಮಾಡಲಿಲ್ಲ. ನಾಲಗೆ ಆಡಿಸಿ ಆಡಿಸಿ ನನ್ನನ್ನು ಅರಿತುಕೊಂಡು, ತನ್ನ ಪಾಡಿಗೆ ತೋಳಿನ ಮೇಲೆ ಏರಿ ಹೆಗಲಿಗೆ ಬಂದು ನಿಂತಳು. ಬಿಗಿಯಾಗಿ ಸುತ್ತಲಿಲ್ಲ. ಮಧ್ಯದಲ್ಲಿ ಬೇಕೆಂದೇ ಬಾಗಿಲು ಧಡಾರೆಂದು ಹಾಕಿಸಿದೆ, ಆಗಲೂ ಬೆಚ್ಚಲಿಲ್ಲ. ಇವಳೇ ಎಂದೆ.

ಬಣ್ಣವೇ ಇಲ್ಲವಲ್ಲ ಎಂದು ಮಾಲೀಕರು ಮೂಗು ಮುರಿದರು. ಹೆಣ್ಣು ನೋಡಲು ಬಂದವರ ಮಾತೂ ಹೀಗೇ ಇರುತ್ತದೆ, ನನಗೆ ಅದರ ಅಭ್ಯಾಸ ಇದೆ. ಹಟ ಹಿಡಿದು ಅವಳನ್ನೇ ತಂದೆ.

ನಿಯಮಗಳನ್ನು ನಾನೇ ಮಾಡಿದೆ. ಇಲಿ ನುಂಗಿದ ಮೇಲೆ ಕೆಲವು ದಿನ ಎತ್ತಬಾರದು. ಪೊರೆ ಬಿಡುವ ಸಮಯದಲ್ಲಿ, ಅಂದರೆ ಕಣ್ಣಿನ ಮೇಲೆ ನೀಲಿ ಮಸುಕು ಕಟ್ಟಿ ಏನೂ ಕಾಣದಿರುವಾಗ, ಮುಟ್ಟಲೇಬಾರದು. ಕಾಣದ ಜೀವ ಹೆದರಿ ಕಚ್ಚಬಹುದು. ಒಮ್ಮೆ ಕಚ್ಚಿದರೆ ಖಲಾಸ್, ತರಗತಿ ಮುಚ್ಚಿತು ಎಂದೇ ಅರ್ಥ. ಹುಡುಗಿ ಮೊದಲ ದಿನ ದೂರದಿಂದ ನೋಡಿದಳು. ಮುಂದಿನ ವಾರ ಬಾಲದ ತುದಿ ಮುಟ್ಟಿದಳು. ಆಮೇಲೊಂದು ಗುರುವಾರ ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಅಂಗೈ ಕೆಳಗೆ ಮಾಡಿ ಕಾದಳು. ಬೋವಾ ಅವಳ ತೊಡೆಯ ಮೇಲೆ ಸುರುಳಿಯಾಗಿ ಮಲಗಿತು. ತಾಯಿ ಗೋಡೆಯ ಕಡೆ ತಿರುಗಿ ಅತ್ತರು. ನಾನು ಹಾವಿನ ಕತ್ತಿನ ಹತ್ತಿರ ಒಂದು ಕೈ ಆಸರೆಗೆ ಇಟ್ಟುಕೊಂಡೇ ಇದ್ದೆ.

ಹೀಗೆ ಎಲ್ಲ ಸರಿಯಾಗಿರುವಾಗ ನಾಗರಪಂಚಮಿ ಬಂತು. ನಮ್ಮ ಕಡೆ ಆ ದಿನ ಪ್ರತಿ ಕುಟುಂಬವೂ ತನ್ನ ಮೂಲದ ನಾಗಬನಕ್ಕೆ ಹೋಗಿ ನಾಗನ ಕಲ್ಲಿಗೆ ಹಾಲು, ಎಳನೀರು ಎರೆಯಬೇಕು. ತನು ಎರೆಯುವುದು ಎನ್ನುತ್ತೇವೆ. ಇಲ್ಲಿನ ಬೇಸಿಗೆ ರಜೆಯಲ್ಲಿ ವಿಮಾನದ ಟಿಕೆಟ್ಟು ಆಕಾಶಕ್ಕೇರಿ ಬಹಳ ಮಂದಿ ಊರಿಗೆ ಹೋಗಲಾಗದೆ ಇಲ್ಲೇ ಉಳಿದಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ನಾನೂ ಉಳಿದವಳೇ. ಆದರೆ ಸಂಘದ ಯಾವುದೋ ಬುದ್ಧಿವಂತ ತಲೆಗೆ ಹೊಳೆದ ಉಪಾಯ ಕೇಳಿ: ಬನ ಇಲ್ಲದಿದ್ದರೇನು, ನಮ್ಮ ಅಣ್ಣನ ಹತ್ತಿರ ದೊಡ್ಡದೊಂದು ಸಾಧು ಹಾವು ಉಂಟಲ್ಲ, ಅದಕ್ಕೇ ತನು ಎರೆಯೋಣ.

ಅಬುಧಾಬಿಯ ಒಂದು ವಿಲ್ಲಾಕ್ಕೆ ಬೋವಾವನ್ನು ತರುತ್ತೇನೆಂದು ಮಾಲೀಕರು ನನ್ನನ್ನು ಕೇಳದೆಯೇ ಮಾತು ಕೊಟ್ಟಿದ್ದರು. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಅಷ್ಟು ದೂರ, ಅದೂ ಅವಳ ಕಣ್ಣಿಗೆ ಮಸುಕು ಕಟ್ಟಿದ ವಾರದಲ್ಲಿ. ಆಗುವುದಿಲ್ಲ ಎಂದೆ. ಒಂದು ಗಂಟೆ ಮಟ್ಟಿಗೆ ಎಂದರು. ಅವಳಿಗೆ ಈಗ ಕಣ್ಣು ಕಾಣುವುದಿಲ್ಲ, ಕಚ್ಚಿಯಾಳು ಎಂದೆ.

"ಅದಕ್ಕೆಂತ ಮಾರಾಯ್ತಿ? ಹಿಂದಿನ ದಿನವೇ ಎಸಿ ಜೋರು ಮಾಡಿ ಇಟ್ರೆ ಆಯ್ತಲ್ಲ. ಸುಮ್ಮನೆ ಬಿದ್ದಿರ್ತದೆ," ಎಂದರು.

ಅಂದರೆ ಆ ದಿನ ವ್ಯಾಪಾರಿಯ ಶೆಡ್ಡಿನಲ್ಲಿ ಅವರು ಕಲಿತದ್ದು ಇದು. ನಾನು ಕಲಿಸಿದ್ದಲ್ಲ, ಅವನು ಕಲಿಸಿದ್ದು. ನನ್ನ ಮೈಯೆಲ್ಲ ಉರಿಯಿತು. ಸಾಗಿಸಲು ಪೆಟ್ಟಿಗೆಗೆ ಕೈ ಹಾಕುವುದಿಲ್ಲ, ಬೇಕಾದರೆ ನೀವೇ ಎತ್ತಿಕೊಂಡು ಹೋಗಿ ಎಂದು ಹೇಳಿಬಿಟ್ಟೆ. ಅವರು ಎತ್ತುವವರಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಅವಳ ಮೈಗೆ ಬೆರಳು ತಾಗಿಸಿದವರಲ್ಲ.

ಹಾವು ಹೋಗಲಿಲ್ಲ, ಭಕ್ತರೇ ಬಂದರು. ಪಂಚಮಿಯ ಬೆಳಿಗ್ಗೆ ಶೆಡ್ಡಿನ ಮುಂದೆ ಕಾರುಗಳ ಸಾಲು. ರೇಷ್ಮೆ ಸೀರೆ, ಬಿಳಿ ಪಂಚೆ, ಹರಿವಾಣದಲ್ಲಿ ಅರಶಿನ, ಊರಿನಿಂದ ಯಾರದೋ ಬ್ಯಾಗಿನಲ್ಲಿ ಬಂದ ಅಡಿಕೆ ಹೂವಿನ ಹಿಂಗಾರ, ಸೂಪರ್ ಮಾರ್ಕೆಟ್ಟಿನ ಹಾಲಿನ ಕ್ಯಾನು. ಮಾಲೀಕರು ಮುಂದೆ, ಶಲ್ಯ ಹೊದ್ದುಕೊಂಡು. ನಾನು ಗಾಜಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತೆ.

ಸಮಾಧಾನದಿಂದಲೇ ಶುರು ಮಾಡಿದೆ. ಇವಳು ನಾಗ ಅಲ್ಲ, ಹೆಡೆ ಇಲ್ಲ, ನಮ್ಮ ದೇಶದವಳೂ ಅಲ್ಲ ಎಂದೆ. ಎಲ್ಲ ಹಾವೂ ನಾಗನ ಸಂತಾನವೇ ಎಂದು ಒಬ್ಬರು ತಿದ್ದಿದರು. ನಮ್ಮಲ್ಲಿ ತನು ಎರೆಯುವುದು ಕಲ್ಲಿಗೆ, ಜೀವಂತ ಹಾವು ಕಂಡರೆ ಕೈ ಮುಗಿದು ದೂರ ಸರಿಯುತ್ತೇವಲ್ಲ, ನಿಮ್ಮ ಅಜ್ಜ ಯಾವತ್ತಾದರೂ ಹಾವು ಹಿಡಿದು ಹಾಲು ಎರೆದದ್ದುಂಟೇ ಎಂದು ಕೇಳಿದೆ. ಪರದೇಶದಲ್ಲಿ ಅನುಸರಿಸಿಕೊಳ್ಳಬೇಕು ಎಂದರು. ಹಾವಿಗೆ ಹಾಲು ಆಗುವುದಿಲ್ಲ, ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಹೋಗಿ ಸಾಯುತ್ತಾಳೆ ಎಂದೆ. ಒಂದು ಚಮಚದಿಂದ ಏನಾಗುತ್ತದೆ ಎಂದು ಚಮಚ ಹಿಡಿದ ಹೆಂಗಸು ನಕ್ಕಳು. ಸಾಯುತ್ತಾಳೆ ಎಂದು ಹೇಳಿದ್ದೇನೆ! ಯಾರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಮಾಲೀಕರು ಮುಚ್ಚಳ ತೆಗೆಯಲು ನನಗೆ ಕಣ್ಸನ್ನೆ ಮಾಡಿದರು.

ಆಗ ನಾನು ಪಕ್ಕಕ್ಕೆ ಸರಿದು ನಿಂತೆ.

"ಆಯ್ತು, ಎರೆಯಿರಿ. ಆದ್ರೆ ಮೊದಲೇ ಒಂದು ತೀರ್ಮಾನ ಆಗ್ಲಿ. ಇವಳು ಸತ್ರೆ ದೋಷ ಯಾರ ಹೆಸರಿಗೆ? ಸರ್ಪಸಂಸ್ಕಾರ ಮಾಡಿಸುವಾಗ ಸಂಕಲ್ಪಕ್ಕೆ ಹೆಸರು ಬೇಕು, ನಕ್ಷತ್ರ ಬೇಕು. ಚಮಚ ಹಿಡಿದವರದ್ದಾ, ಕರ್ಕೊಂಡು ಬಂದವರದ್ದಾ?"

ಎಷ್ಟು ಬೇಗ ಜಾಗ ಖಾಲಿಯಾಯಿತು ಎಂದು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಚಮಚ ಸೆರಗಿನ ಮರೆಗೆ ಹೋಯಿತು. ಎಲ್ಲರಿಗಿಂತ ಮೊದಲು ಹಿಂದೆ ಸರಿದವರು ಮಾಲೀಕರು. ದೂರದಿಂದಲೇ ಕೈ ಮುಗಿದು, ಹಾಲಿನ ಕ್ಯಾನು ಅಲ್ಲೇ ಬಿಟ್ಟು ಹೊರಟರು. ಒಂದು ಜೀವ ಸಾಯುತ್ತದೆ ಎಂದಾಗ ಅಲುಗದ ಕಾಲುಗಳು, ತಮಗೆ ದೋಷ ತಟ್ಟುತ್ತದೆ ಎಂದಾಗ ಓಡಿದವು. ಗೆದ್ದೆ ಎಂದು ನನಗೆ ಖುಷಿಯೇ ಆಗಲಿಲ್ಲ. ಆ ಹಾಲಿನಲ್ಲಿ ಪಕ್ಕದ ಕಾರ್ಖಾನೆಯವರಿಗೆಲ್ಲ ಚಹಾ ಮಾಡಿ ಕೊಟ್ಟೆ.

ಮರುವಾರ ಅವಳು ಪೊರೆ ಬಿಟ್ಟಳು, ಎಲ್ಲೂ ಹರಿಯದೆ, ಮೂಗಿನಿಂದ ಬಾಲದವರೆಗೆ ಒಂದೇ ತುಂಡಾಗಿ. ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಗಾಜಿನ ಮೇಲೆ ಅರಶಿನ ಕುಂಕುಮ ಹಚ್ಚಿತ್ತು. ಮುಚ್ಚಳದ ಮೇಲೆ ಹೂವು. ಎದುರಿಗೆ ಹೊಸ ಬೋರ್ಡು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ: ಮುಟ್ಟಬಾರದು, ನೋಡಿ ಮಾತ್ರ.

ಮಾಲೀಕರ ಕೋಣೆಗೆ ಹೋಗಿ ಇದೇನು ಎಂದು ಕೇಳಿದೆ.

"ನೀವೇ ಅಲ್ವಾ ಅಕ್ಕ ಹೇಳಿದ್ದು ದೋಷ ಬರ್ತದೆ ಅಂತ? ಯಾವುದಾದ್ರೂ ಮಗು ಎತ್ತಿ ಬೀಳಿಸಿದ್ರೆ ನನ್ನ ಹೆಸರಿಗಲ್ವಾ? ಇನ್ನು ಯಾರೂ ಮುಟ್ಟುವುದು ಬೇಡ."

ನನ್ನ ಮಾತನ್ನೇ ನನ್ನ ಕೈಗೆ ವಾಪಸು ಕೊಟ್ಟಿದ್ದರು. ಬಾಗಿಲು ಧಡಾರೆಂದು ಹಾಕಿದರೂ ಬೆಚ್ಚದವಳನ್ನು ಹುಡುಕಿ ತಂದದ್ದು ಗಾಜಿನೊಳಗೆ ದೇವರಾಗಿ ಕೂರಿಸಲಿಕ್ಕೆ ಅಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ಫೋನು ನೋಡುತ್ತಿದ್ದರು.

ಹೊರಗೆ ಬಂದಾಗ ಹುಡುಗಿ ಆಗಲೇ ಬಂದಿದ್ದಳು. ಅವಳಿಗೆ ಓದಲು ಬರುತ್ತದೆ. ಬೋರ್ಡು ಓದಿದ್ದಳು ಎಂದು ತಾಯಿಯ ಮುಖ ನೋಡಿದರೇ ತಿಳಿಯುತ್ತಿತ್ತು. ಓದಿಯೂ ಎಂದಿನಂತೆ ಚಾಪೆಯ ಮೇಲೆ ಕಾಲು ಚಾಚಿ, ಅಂಗೈ ಕೆಳಗೆ ಮಾಡಿ ಕುಳಿತಿದ್ದಳು. ಕಿರುಚಲಿಲ್ಲ, ಕೇಳಲಿಲ್ಲ, ಸುಮ್ಮನೆ ಕಾಯುತ್ತಿದ್ದಳು.

ನಾನು ಒದ್ದೆ ಬಟ್ಟೆ ತಂದು ಕುಂಕುಮ ಒರೆಸಿದೆ. ಬೋರ್ಡನ್ನು ಕಿತ್ತು ಮೊಲದ ಗೂಡಿನ ಹಿಂದೆ ಹಾಕಿದೆ. ಕೈ ತೊಳೆದು ಮುಚ್ಚಳ ತೆಗೆಯುವಾಗ ಮಾಲೀಕರು ಬಾಗಿಲಿಗೆ ಬಂದರು. ಅಕ್ಕ, ದೋಷ, ಎಂದಷ್ಟೇ ಹೇಳಿದರು.

"ನನ್ನ ಹೆಸರಿಗೆ ಬರ್ಲಿ ಸರ್. ನಕ್ಷತ್ರ ಆಶ್ಲೇಷಾ. ಬರ್ದಿಟ್ಕೊಳ್ಳಿ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಬೆನ್ನು ಹಾಕಿ, ಎರಡೂ ಕೈಯಲ್ಲಿ ಅವಳನ್ನು ಎತ್ತಿಕೊಂಡೆ. ಹೊಸ ಚರ್ಮ ನುಣ್ಣಗಿತ್ತು, ಬೆಚ್ಚಗಿತ್ತು. ಹುಡುಗಿಯ ತೊಡೆಯ ಮೇಲೆ ಇಟ್ಟು, ಎಂದಿನಂತೆ ಒಂದು ಕೈಯನ್ನು ಹಾವಿನ ಕತ್ತಿನ ಹತ್ತಿರ ಆಸರೆಗೆ ಇಟ್ಟುಕೊಂಡೆ. ಹುಡುಗಿ ನನ್ನ ಕೈಯನ್ನು ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ತಾನೇ ಹಿಡಿದು, ಅಡ್ಡ ಬರಬೇಡ ಎನ್ನುವ ಹಾಗೆ ಪಕ್ಕಕ್ಕೆ ಸರಿಸಿದಳು.