ಕೈ ಬೀಸದ ಓಟಗಾರ್ತಿ

ನನ್ನ ತಂಗಿಯ ಮಗಳು ಕೈ ಬೀಸದೆ ಓಡುತ್ತಾಳೆಂದು ಕಾಲೇಜಿನ ಆಟದ ಮೇಷ್ಟ್ರು ನಾಲ್ಕು ಜನರ ಮುಂದೆ ನಕ್ಕದ್ದು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎಲ್ಲಿಂದ ಬೀಸಿಯಾಳು? ಅಪ್ಪನ ಸೊಂಟ ಬಿದ್ದುಹೋದಂದಿನಿಂದ ಬೆಳಗಾಗೆದ್ದು ಮಾರುಕಟ್ಟೆಯಿಂದ ತರಕಾರಿ ಗಾಡಿಯನ್ನು ಏರಿನ ಮೇಲೆ ತಳ್ಳಿಕೊಂಡು ಓಡಿ ಬರುವವಳು ಅವಳೇ. ಹಾಗಾಗಿ ಮೈದಾನದಲ್ಲೂ ಎರಡು ಕೈ ಮುಂದೆ ಚಾಚಿ, ಕಾಣದ ಗಾಡಿ ತಳ್ಳಿದಂತೆಯೇ ಓಡುತ್ತಿದ್ದಳು, ಮುಂದಿದ್ದವರನ್ನು ಹಿಂದೆ ಹಾಕುವಾಗ "ಸೈಡು, ಸೈಡು!" ಎಂದು ಕೂಗುತ್ತಿದ್ದಳು; ಬರಿಗೈಯಲ್ಲಿದ್ದರೂ ಇಳಿಜಾರು ಕಂಡರೆ ಸಾಕು, ಹಿಮ್ಮಡಿ ಊರಿ ಹಿಂದಕ್ಕೆ ವಾಲುತ್ತಿದ್ದಳು. ಅಷ್ಟಾದರೂ ಗೆಲ್ಲುತ್ತಿದ್ದವಳು ಅವಳೇ. "ಟೀಮಿಗೆ ಸೇರಿದ್ರೆ ಫೀಸಿಲ್ಲ ಮಾವ, ಓದು ನಿಲ್ಲಲ್ಲ" ಎಂಬುದೊಂದೇ ಅವಳ ಜಪ. "ಕೈ ಬೀಸೋದು ಕಲ್ತು ಬಾರಮ್ಮ, ಜಾಗ ನಿಂದೇ" ಎಂದು ಮೇಷ್ಟ್ರು ಮಾತು ಕೊಟ್ಟರು. ಮಾರನೆಯ ದಿನದಿಂದ ಹುಡುಗಿ ಗಾಡಿಗೆ ಹಗ್ಗ ಕಟ್ಟಿ, ಅದನ್ನು ಸೊಂಟಕ್ಕೆ ಬಿಗಿದುಕೊಂಡು, ಎರಡು ಕೈ ಬೀಸುತ್ತಾ ಎಳೆಯತೊಡಗಿದಳು. "ನೀನೇನು ಎತ್ತೇನೇ?" ಎಂದು ನಾನು ರೇಗಿದರೆ, "ಎತ್ತಿಗೆ ಕೈಯೆಲ್ಲಿದೆ ಮಾವ?" ಎಂದು ನಗುತ್ತಿದ್ದಳು. ಹಗ್ಗ ಕೊರೆದ ಗಾಯ ಸೊಂಟದ ಸುತ್ತ ಕಪ್ಪುಗಟ್ಟುವ ಹೊತ್ತಿಗೆ ಕೈ ಬೀಸುವುದು ಬಂತು. ಜಾಗ ಮಾತ್ರ ಮೇಷ್ಟ್ರ ಗೆಳೆಯನ ಮಗಳಿಗೆ ಹೋಗಿತ್ತು. ಓದೂ ನಿಂತಿತು. ಈಗಲೂ ಆ ಮೇಷ್ಟ್ರು ಇವಳ ಗಾಡಿಗೇ ಬಂದು, ಟೊಮೆಟೊ ಒತ್ತಿ ಒತ್ತಿ ಆರಿಸುತ್ತಾ, "ಓಡೋದು ಬಿಟ್ಬಿಟ್ಯೇನಮ್ಮ?" ಎನ್ನುತ್ತಾರೆ. ನಮ್ಮ ಹುಚ್ಚಿ ತೂಕದ ಮೇಲೆ ಒಂದು ಹೆಚ್ಚೇ ಹಾಕಿ ಕೊಡುತ್ತಾಳೆ. ಆ ಜಾಗದ ಬಾಕಿಯ ಮಾತನ್ನು ಅವರೂ ಎತ್ತುವುದಿಲ್ಲ, ಇವಳೂ ಕೇಳುವುದಿಲ್ಲ.